ಮೈಕಕ್ಕನ ಗಂಟಲು

ಬಸ್ ನಿಲ್ದಾಣದ ಮೈಕಕ್ಕನನ್ನು ನೋಡಿದವರು ಕಡಿಮೆ, ಕೇಳದವರು ಇಲ್ಲವೇ ಇಲ್ಲ. ಮೊದಲನೇ ಮಹಡಿಯ ಮೂಲೆಯಲ್ಲಿ ಗಾಜಿನ ಗೂಡಿನಂಥ ಒಂದು ಕೋಣೆ. ಅದರೊಳಗೆ ಒಂದು ಮೇಜು, ಒಂದು ಮೈಕು, ಅದನ್ನು ಹಚ್ಚಿ ಆರಿಸುವ ಕೆಂಪು ಗುಂಡಿ, ಕಿರುಗುಟ್ಟುವ ಒಂದು ತಿರುಗು ಕುರ್ಚಿ. ಅಲ್ಲಿ ಕೂತು ಅವಳು ಹೊರಡುವ ಬಸ್ಸುಗಳನ್ನು ಹೊರಡಿಸುತ್ತಿದ್ದಳು, ತಡವಾದ ಬಸ್ಸುಗಳ ಪರವಾಗಿ ಕ್ಷಮೆ ಕೇಳುತ್ತಿದ್ದಳು, ಕೈತಪ್ಪಿ ಹೋದ ಮಕ್ಕಳಿಗೆ ಅಮ್ಮಂದಿರನ್ನು ಹುಡುಕಿ ಕೊಡುತ್ತಿದ್ದಳು. ಬಸ್ಸು ಎಷ್ಟೇ ತಡವಾಗಲಿ, ಆ ದನಿ ಬಂದು ಹೇಳಿದರೆ ಜನಕ್ಕೆ ಅಷ್ಟಾಗಿ ಸಿಟ್ಟು ಬರುತ್ತಿರಲಿಲ್ಲ. "ಬಸ್ಸು ಬರದಿದ್ರೂ ಪರವಾಗಿಲ್ಲ, ಅಕ್ಕ ಹೇಳ್ತಾ ಇರಲಿ" ಎಂದು ಕೆಳಗೆ ಚಹಾ ಮಾರುವ ಅಜ್ಜ ಹೇಳುತ್ತಿದ್ದ. ಬಸ್ಸು ತಡವಾದಷ್ಟೂ ಅವನ ಚಹಾ ಖರ್ಚಾಗುತ್ತಿತ್ತು, ಆ ಮಾತು ಬೇರೆ.

ಆ ದನಿಯನ್ನು ವರ್ಣಿಸುವ ಗೋಜಿಗೆ ಹೋಗುವುದು ಬೇಡ. ಎಳೆಯ ದನಿ, ತಿಳಿಯಾದ ದನಿ, ಅಷ್ಟು ಸಾಕು. ನಲವತ್ತು ದಾಟಿದ ಮೇಲೂ ಫೋನ್ ಮಾಡಿದ ಅಪರಿಚಿತರು "ಪುಟ್ಟೀ, ಮನೇಲಿ ದೊಡ್ಡವರಿದ್ರೆ ಕೊಡಮ್ಮ" ಎನ್ನುತ್ತಿದ್ದರು. ಅವಳು ಹಣೆ ಗಂಟಿಕ್ಕಿಕೊಂಡು "ನಾನೇ ದೊಡ್ಡವಳು" ಎನ್ನುತ್ತಿದ್ದಳು, ಒಳಗೊಳಗೇ ಮಾತ್ರ ಜಂಬವೋ ಜಂಬ.

ಆದರೆ ಆ ದನಿಯಿಂದ ಅವಳಿಗೆ ಒಂದು ಕಾಟವೂ ಇತ್ತು. ಅವಳ ಕೆಲಸ ಏನೆಂದು ಗೊತ್ತಾದರೆ ಸಾಕು, ಎದುರಿಗಿದ್ದವರ ಮುಖ ಅರಳುತ್ತಿತ್ತು. "ಹೌದಾ, ಹಾಗಾದ್ರೆ ಒಂದು ಸಲ ಹೇಳಿ ನೋಡೋಣ, ಪ್ರಯಾಣಿಕರ ಗಮನಕ್ಕೆ ಅಂತ." ಬ್ಯಾಂಕಿನಲ್ಲಿ ಹೇಳಿಸಿದರು, ಮದುವೆಮನೆಯಲ್ಲಿ ಹೇಳಿಸಿದರು. ಹಲ್ಲಿನ ಡಾಕ್ಟರಂತೂ ಅವಳ ಬಾಯೊಳಗೆ ಹತ್ತಿ ತುರುಕಿದ ಮೇಲೆ ಹೇಳಿ ಎಂದಿದ್ದರು. ಹೇಳಿ ಹೇಳಿ ಬೇಸತ್ತ ಅವಳು ಕೊನೆಗೊಂದು ಉಪಾಯ ಕಂಡುಕೊಂಡಳು. ಹೊರಗೆ ಯಾರು ಕೇಳಿದರೂ "ಆಫೀಸು ಕೆಲಸ" ಎಂದು ಬಿಡುವುದು. ಯಾರಿಗೂ ಕೇಡಿಲ್ಲದ ಸುಳ್ಳು ಎಂದುಕೊಂಡಿದ್ದಳು.

ಮನೆಯಲ್ಲಿ ಅವಳ ಗಂಡ ಬೈಕ್ ಮೆಕ್ಯಾನಿಕ್, ಬಾಯಿ ಸುಮ್ಮನಿರದ ಮನುಷ್ಯ. ಅವನಿಗೆ ಅತ್ತೆಯನ್ನು ಗೋಳು ಹೊಯ್ದುಕೊಳ್ಳುವ ಚಟ. ಅವಳ ತಾಯಿ ಇನ್ನೊಂದು ಊರಿನಲ್ಲಿ ಮಗನ ಜೊತೆ ಇದ್ದಳು. ಕಣ್ಣು ಪೂರ್ತಿ ಮಂಜಾಗಿ ಹೋಗಿತ್ತು, ಪ್ರಯಾಣ ಆಗುತ್ತಿರಲಿಲ್ಲ, ವಿಡಿಯೋ ಹಚ್ಚಿ ಫೋನ್ ಹಿಡಿದರೂ ಆಕೆಗೆ ಕಾಣುವುದು ಒಂದು ಬೆಳಕಿನ ಚೌಕ ಮಾತ್ರ. ಹಾಗಾಗಿ ಆಕೆಗೆ ಮಗಳು ಎಂದರೆ ದಿನಾ ಸಂಜೆ ಫೋನಿನಲ್ಲಿ ಬರುವ ದನಿ. ಮೆಕ್ಯಾನಿಕ್ಕು ಆಗಾಗ ಹೆಂಡತಿಯ ಕೈಯಿಂದ ಫೋನು ಕಿತ್ತುಕೊಂಡು, ಗಂಟಲು ಕಿರಿದು ಮಾಡಿ, "ಅಮ್ಮಾ, ನಾನು ಕಣಮ್ಮ, ಹೊಸ ಬೈಕ್ ಕೊಡಿಸ್ತೀಯಾ" ಎನ್ನುತ್ತಿದ್ದ. ಮುದುಕಿ ಒಂದೆರಡು ಮಾತಿನ ತನಕ ಮೋಸ ಹೋದಂತೆ ನಟಿಸಿ, ಆಮೇಲೆ "ಅಳಿಯಂದ್ರೇ, ನಿಮ್ಮ ಗ್ರೀಸಿನ ವಾಸನೆ ಇಲ್ಲೀವರೆಗೂ ಬರ್ತಿದೆ" ಎನ್ನುತ್ತಿದ್ದಳು. ಮೂವರೂ ನಗುತ್ತಿದ್ದರು. ಇದು ವರ್ಷಗಳಿಂದ ನಡೆದು ಬಂದ ಆಟ.

ಹೀಗಿರುವಾಗ ಮೈಕಕ್ಕನಿಗೆ ಮುಟ್ಟಿನ ಕಾಟ ಶುರುವಾಯಿತು. ಮೊದಲು ನಾಲ್ಕು ದಿನಕ್ಕೆ ಮುಗಿಯುತ್ತಿದ್ದದ್ದು ಈಗ ನಿಲ್ಲುವ ಮಾತೇ ಇಲ್ಲ. ಮೈಕಿನ ಮುಂದೆ ಕೂತವಳು ಬೇಕೆಂದಾಗ ಎದ್ದು ಹೋಗುವಂತಿಲ್ಲ, ಬಸ್ಸುಗಳು ಕಾಯುವುದಿಲ್ಲ. ಕುರ್ಚಿಯ ಮೇಲೆ ಹಳೆಯ ಟವೆಲ್ ಮಡಚಿ ಹಾಕಿಕೊಂಡು, ಕಪ್ಪು ಬಟ್ಟೆಯನ್ನೇ ಉಟ್ಟುಕೊಂಡು, ತುಟಿ ಬಿಳಿಚಿಕೊಂಡಿದ್ದರೂ "ಪ್ರಯಾಣಿಕರ ಗಮನಕ್ಕೆ" ಎಂದು ಜೇನಿನಂತೆ ಹೇಳುತ್ತಿದ್ದಳು. ಒಂದು ಮಧ್ಯಾಹ್ನ ಎದ್ದು ನಿಂತವಳಿಗೆ ಕಣ್ಣು ಕತ್ತಲೆ ಬಂತು. ಪಕ್ಕದ ಕೋಣೆಯ ಕಂಟ್ರೋಲರು ಓಡಿಬಂದು ಹಿಡಿದುಕೊಂಡ. ಮರುದಿನ ಗಂಡ ಅಂಗಡಿಗೆ ಬೀಗ ಹಾಕಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ.

ಡಾಕ್ಟರಮ್ಮ ಒಳ್ಳೆಯವರು, ಬಿಡಿಸಿ ಹೇಳುವವರು. ಸ್ಕ್ಯಾನಿನ ಚಿತ್ರ ಬೆಳಕಿಗೆ ಹಿಡಿದು, "ಗರ್ಭಕೋಶದ ಒಳಗೆ ಒಂದು ಗಡ್ಡೆ ಇದೆ. ಹೆದರಬೇಡಿ, ಕೆಟ್ಟ ಗಡ್ಡೆ ಅಲ್ಲ. ಹೊಟ್ಟೆ ಕುಯ್ಯೋದೂ ಬೇಡ. ಕೆಳಗಿಂದಲೇ ತೆಳ್ಳಗಿನ ಕೊಳವೆ ಬಿಟ್ಟು, ಅದರ ತುದೀಲಿರೋ ಕ್ಯಾಮೆರಾದಲ್ಲಿ ನೋಡ್ಕೊಂಡು ತೆಗೆದುಬಿಡ್ತೀವಿ" ಎಂದರು.

"ಹಾಗಾದ್ರೆ ನಾಳೇನೇ ತೆಗೀರಿ" ಎಂದ ಮೆಕ್ಯಾನಿಕ್ಕು.

"ನೀವು ಇಂಜಿನ್ ಬಿಚ್ಚೋ ಮುಂಚೆ ಮೇಲಿನ ಜಿಡ್ಡು ತೊಳೀತೀರೋ ಇಲ್ವೋ? ಇದೂ ಹಾಗೇ. ಇವರ ಒಳಪದರ ತುಂಬ ದಪ್ಪ ಆಗಿದೆ. ಮೊಣಕಾಲುದ್ದ ಹುಲ್ಲು ಬೆಳೆದಿರೋ ಅಂಗಳದಲ್ಲಿ ಚೆಂಡು ಹುಡುಕಿದ ಹಾಗಾಗುತ್ತೆ, ಕ್ಯಾಮೆರಾಗೆ ಏನೂ ಕಾಣಲ್ಲ, ರಕ್ತ ಬೇರೆ. ಮೊದಲು ಹಾರ್ಮೋನ್ ಮಾತ್ರೆ ಕೊಟ್ಟು ಪದರ ತೆಳ್ಳಗೆ ಮಾಡ್ಕೊಳ್ಳೋಣ. ಆಮೇಲೆ ಆಪರೇಷನ್."

ಮಾತ್ರೆಯ ಬಗ್ಗೆಯೂ ಅವರು ಮುಚ್ಚಿಡಲಿಲ್ಲ. ಗಂಡಸರ ಹಾರ್ಮೋನಿನ ಗುಣ ಸ್ವಲ್ಪ ಇರುವ ಔಷಧಿ. ತೂಕ ಏರಬಹುದು, ಮೊಡವೆ ಬರಬಹುದು, ಮುಖದ ಮೇಲೆ ಕೂದಲು ಒಂದೆರಡು ಕಾಣಬಹುದು. "ದನಿ ಏನಾದ್ರೂ ಒಡೀತು, ದಪ್ಪ ಆಯ್ತು ಅನ್ನಿಸಿದ್ರೆ ಮಾತ್ರ ಅವತ್ತೇ ನಿಲ್ಲಿಸಿ ನನಗೆ ಫೋನ್ ಮಾಡಿ. ಅಪರೂಪ, ಆದ್ರೂ ಹೇಳಿರ್ತೀನಿ. ಅಂದ ಹಾಗೆ ಏನು ಕೆಲಸ ಮಾಡ್ತೀರಿ ನೀವು?"

ಮೈಕಕ್ಕನ ಬಾಯಿಂದ ಅಭ್ಯಾಸಬಲದಿಂದ ಮಾತು ಜಾರಿಬಿತ್ತು. "ಆಫೀಸು ಕೆಲಸ."

ಗಂಡ ಆ ಹೊತ್ತಿಗೆ ಕೆಳಗೆ ಔಷಧಿ ಅಂಗಡಿಯ ಸಾಲಿನಲ್ಲಿ ನಿಲ್ಲಲು ಹೋಗಿದ್ದ. ಅಲ್ಲಿದ್ದಿದ್ದರೆ ಹೆಂಡತಿಯ ಕೆಲಸದ ಬಗ್ಗೆ ಕೊಚ್ಚಿಕೊಳ್ಳದೆ ಬಿಡುತ್ತಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇವಳದು ಆಡಬೇಕಾದ ಮಾತನ್ನು ಆಡದೆ ಹೋದದ್ದು.

ಮಾತ್ರೆ ಪವಾಡ ಮಾಡಿತು. ರಕ್ತ ನಿಂತಿತು, ತುಟಿಗೆ ಬಣ್ಣ ಬಂತು, ಮೈಕಕ್ಕ ತಿಳಿಬಣ್ಣದ ಬಟ್ಟೆಗಳನ್ನು ಪೆಟ್ಟಿಗೆಯಿಂದ ಹೊರತೆಗೆದಳು. ಕುರ್ಚಿಯ ಮೇಲಿನ ಟವೆಲನ್ನು ಎಸೆದೇಬಿಟ್ಟಳು. ಇಷ್ಟು ದಿನ ಯಾಕೆ ಒದ್ದಾಡಿದೆನೋ ಎಂದು ತನ್ನ ಮೇಲೇ ಸಿಟ್ಟು ಬಂತು.

ಕೆಲವು ವಾರಗಳಾದ ಮೇಲೆ ಗಂಟಲು ಕೆರೆಯಿತು. ಅದು ಅವಳಿಗೆ ಹೊಸದಲ್ಲ. ಡೀಸೆಲ್ ಹೊಗೆ, ಬೇಸಿಗೆಯ ಧೂಳು, ವರ್ಷಕ್ಕೊಂದೆರಡು ಸಲ ದನಿ ಕೂರುವುದು ಇದ್ದದ್ದೇ. ಬೇರೆ ಯಾರಾದರೂ ಆಗಿದ್ದರೆ ಡಾಕ್ಟರ ಮಾತು ನೆನಪಿಸಿಕೊಳ್ಳುತ್ತಿದ್ದರೇನೋ. ಇವಳಿಗೆ ಗಂಟಲಿನ ವಿಷಯದಲ್ಲಿ ಯಾರೂ ಪಾಠ ಹೇಳುವ ಹಾಗಿರಲಿಲ್ಲ. ಇಪ್ಪತ್ತು ವರ್ಷ ಅದರಲ್ಲೇ ಅನ್ನ ತಿಂದವಳು. ದನಿ ಒಡೆಯುವುದು ಬೇರೆ, ಕೂರುವುದು ಬೇರೆ, ತನ್ನದು ಕೂತಿದೆ ಅಷ್ಟೇ ಎಂದು ತಾನೇ ತೀರ್ಪು ಕೊಟ್ಟುಕೊಂಡಳು. ಇಂಥ ಹೊತ್ತಿಗೆ ಮೈಕಿನ ಮಂದಿ ಮಾಡುವ ಮದ್ದು ಒಂದೇ: ಬಿಸಿನೀರು, ಉಪ್ಪುನೀರಿನ ಮುಕ್ಕಳಿಕೆ, ಮತ್ತು ಗಟ್ಟಿಯಾಗಿ ಒಂದಕ್ಷರ ಆಡದಿರುವುದು. ಆಡಲೇಬೇಕಾದರೆ ಪಿಸುಮಾತು.

ಅವಳು ಪಿಸುಮಾತಿಗೆ ಇಳಿದಳು. ಕೆಲಸಕ್ಕೇನೂ ತೊಂದರೆಯಾಗಲಿಲ್ಲ. ದಿನನಿತ್ಯದ ಬಸ್ಸುಗಳ ಪ್ರಕಟಣೆಯೆಲ್ಲ ಅವಳ ರಜೆಯ ದಿನಗಳಿಗೆಂದು ಅವಳ ದನಿಯಲ್ಲೇ ಹಿಂದೆ ರೆಕಾರ್ಡ್ ಮಾಡಿಟ್ಟಿದ್ದರು. ಗುಂಡಿ ಒತ್ತಿದರೆ ಸಾಕು, ಅದರಲ್ಲಿಲ್ಲದ ಸುದ್ದಿಯನ್ನು ಕೆಳಗಿನ ಸಿಬ್ಬಂದಿ ಕೂಗಿ ಹೇಳುತ್ತಿದ್ದರು. ಕಂಟ್ರೋಲರು, "ನೀವು ಸುಮ್ನಿರಿ ಅಕ್ಕ, ನಿಮ್ಮ ಬದಲು ನೀವೇ ಮಾತಾಡ್ತೀರಿ" ಎಂದು ನಕ್ಕ. ಗಂಡನಿಗಂತೂ ಹಬ್ಬ. "ನಮ್ಮನೇಲೂ ಒಂದು ಸೈಲೆನ್ಸರ್ ಕೂತಿದೆ" ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದ. ಅಮ್ಮನಿಗೆ ಅವಳೇ ಒಮ್ಮೆ ಫೋನಿನಲ್ಲಿ "ಗಂಟಲು ಸರಿ ಇಲ್ಲಮ್ಮ" ಎಂದು ಉಸುರಿದಳು. "ಅಯ್ಯೋ ಮಾತಾಡ್ಬೇಡ, ಫೋನ್ ಇಡು. ಪೂರ್ತಿ ಸರಿ ಆದ್ಮೇಲೆ ಮಾಡು. ಅಲ್ಲೀವರೆಗೂ ಅಳಿಯಂದ್ರು ಹೇಳ್ತಾರೆ" ಎಂದು ಅಮ್ಮ ಗದರಿ ಇಟ್ಟಳು. ಆಮೇಲೆ ಸಂಜೆಯ ಫೋನೆಲ್ಲ ಅಳಿಯ ಅತ್ತೆಯರ ನಡುವೆಯೇ ನಡೆಯಿತು.

ಇದರಲ್ಲಿದ್ದ ಕೇಡು ಯಾರಿಗೂ ಹೊಳೆಯಲಿಲ್ಲ. ಪಿಸುಮಾತಿನಲ್ಲಿ ಗಂಡು ಹೆಣ್ಣು ಎಂಬ ಭೇದವಿಲ್ಲ. ಅದು ಬರೀ ಗಾಳಿ. ಒಳಗೆ ದನಿಯ ತಂತಿಗಳು ದಿನದಿನಕ್ಕೂ ದಪ್ಪವಾಗುತ್ತ ಹೋಗುವುದು ಗಂಡನಿಗೂ ಕೇಳಲಿಲ್ಲ, ಅವಳಿಗೂ ಕೇಳಲಿಲ್ಲ.

ಅದರ ಮೇಲೆ ಆಪರೇಷನ್ ಮುಂದಕ್ಕೆ ಹೋಯಿತು. ಕ್ಯಾಮೆರಾದ ಕೊಳವೆ ಕೆಟ್ಟು ರಿಪೇರಿಗೆ ಹೋಗಿದೆ ಎಂದು ಆಸ್ಪತ್ರೆಯಿಂದ ಫೋನ್ ಬಂತು. ಅದು ಬರುವಷ್ಟರಲ್ಲಿ ಡಾಕ್ಟರಮ್ಮ ರಜೆಯ ಮೇಲಿದ್ದರು. "ಮಾತ್ರೆ ಮಾತ್ರ ನಿಲ್ಲಿಸಬೇಡಿ, ಪದರ ಮತ್ತೆ ಬೆಳೆದುಬಿಡುತ್ತೆ" ಎಂದಿತು ಫೋನಿನ ದನಿ. ಅವಳು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುವ ಹೆಂಗಸು. ಒಂದು ಹೊತ್ತೂ ತಪ್ಪಿಸದೆ ನುಂಗಿದಳು.

ಕೊನೆಗೆ ಆಪರೇಷನ್ ಆಯಿತು, ಬಹಳ ಚೆನ್ನಾಗಿ ಆಯಿತು. ಅದಕ್ಕೆ ಮುಂಚೆ ನರ್ಸು ಬಂದು ಏನಾದರೂ ತೊಂದರೆ ಇದೆಯೇ ಎಂದು ಕೇಳಿದಾಗ ಮೈಕಕ್ಕ "ಸ್ವಲ್ಪ ಶೀತ" ಎಂದು ಪಿಸುಗುಟ್ಟಿದಳು. ನರ್ಸು ಜ್ವರ ನೋಡಿ, ಇಲ್ಲವೆಂದು ಹೋದಳು. ಸಂಜೆ ಡಾಕ್ಟರಮ್ಮ ಬಂದು, "ಒಳಗೆ ಎಲ್ಲ ಕನ್ನಡಿ ಹಾಗೆ ಕಾಣ್ತಿತ್ತು. ಇಷ್ಟು ಚೆನ್ನಾಗಿ ತಯಾರಾದ ಪದರ ನಾನು ನೋಡಿದ್ದು ಕಡಿಮೆ. ಗಡ್ಡೆ ಪೂರ್ತಿ ಬಂತು. ಇನ್ನು ಮಾತ್ರೆ ಬೇಡ" ಎಂದು ಬೆನ್ನು ತಟ್ಟಿದರು. ಗಂಟಲಿನ ಕೆರೆತ ಆಗಲೂ ಇತ್ತು. ಅರಿವಳಿಕೆ ಕೊಡುವಾಗ ಗಂಟಲಿಗೆ ನಳಿಗೆ ಹಾಕಿದ್ದರಲ್ಲ, ಅದರದ್ದಿರಬೇಕು ಎಂದು ಅವಳು ಇನ್ನೂ ಕೆಲವು ದಿನ ಮೌನ ಮುಂದುವರಿಸಿದಳು.

ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ, ನಿಲ್ದಾಣ ಗಿಜಿಗುಡುವ ಹೊತ್ತಿನಲ್ಲಿ, ಕಂಟ್ರೋಲರು ಬಾಗಿಲಲ್ಲಿ ತಲೆ ಹಾಕಿದ. "ಅಕ್ಕ, ಒಂದನೇ ಅಂಕಣದಲ್ಲಿ ಬಸ್ಸು ಕೆಟ್ಟು ನಿಂತಿದೆ. ಅಲ್ಲಿಗೆ ಬರೋದೆಲ್ಲ ಐದಕ್ಕೆ ಹೋಗ್ಬೇಕು. ಇದು ರೆಕಾರ್ಡಿಂಗಲ್ಲಿಲ್ಲ. ಹೇಳೋಕಾಗುತ್ತಾ?"

ಆಗದೆ ಏನು? ಗಂಟಲಿಗೆ ಬೇಕಾದಷ್ಟು ವಿಶ್ರಾಂತಿ ಸಿಕ್ಕಿದೆ. ಅವಳು ಬಿಸಿನೀರು ಒಂದು ಗುಟುಕು ಕುಡಿದು, ಬೆನ್ನು ನೆಟ್ಟಗೆ ಮಾಡಿ, ಕೆಂಪು ಗುಂಡಿ ಒತ್ತಿದಳು. "ಪ್ರಯಾಣಿಕರ ಗಮನಕ್ಕೆ" ಎಂದು ಶುರುಮಾಡಿ ಪೂರ್ತಿ ಹೇಳಿದಳು. ದನಿ ಯಾಕೋ ಎದೆಯಲ್ಲಿ ಗುಂಯ್ ಎಂದಿತು. ಬಹಳ ದಿನ ಮುಚ್ಚಿಟ್ಟ ಬಾಗಿಲು ತೆರೆದಾಗ ಕಿರುಗುಟ್ಟುವುದಿಲ್ಲವೇ, ಹಾಗೇ ಎಂದುಕೊಂಡಳು. ಗಾಜಿನ ಗೂಡಿನೊಳಗೆ ಹೊರಗಿನ ಸ್ಪೀಕರಿನ ಸದ್ದು ಬರುವುದಿಲ್ಲ, ಬಂದರೆ ಮೈಕು ಕೂಗಾಡುತ್ತದೆ. ಹಾಗಾಗಿ ಅವಳಿಗೆ ಕಂಡದ್ದು ಇಷ್ಟೇ: ಕೆಳಗಿದ್ದ ಜನ ಐದನೇ ಅಂಕಣದ ಕಡೆ ಹೊರಟರು, ಆದರೆ ನಿಲ್ದಾಣದವರೇ ಆದ ಕೂಲಿಗಳು, ಕಸ ಗುಡಿಸುವ ಹೆಂಗಸರು, ಪೇಪರು ಮಾರುವವನು, ಇವರೆಲ್ಲ ನಿಂತಲ್ಲೇ ನಿಂತು ತಲೆಯೆತ್ತಿ ಗಾಜಿನ ಕಡೆ ನೋಡುತ್ತಿದ್ದರು.

ಸ್ವಲ್ಪ ಹೊತ್ತಿಗೆ ಚಹಾದ ಅಜ್ಜ ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ಎರಡು ಲೋಟ. ಅವಳಿಗೊಂದು ಕೊಟ್ಟು, ಇನ್ನೊಂದನ್ನು ಹಿಡಿದುಕೊಂಡು ಕೋಣೆಯ ಮೂಲೆ ಮೂಲೆ ನೋಡಿದ.

"ಹೊಸಬರು ಎಲ್ಲಿ ಅಕ್ಕ? ಅವರಿಗೂ ತಂದೆ."

"ಯಾವ ಹೊಸಬರು ಅಜ್ಜ?"

ಅಜ್ಜನ ಕೈಯ ಲೋಟ ವಾಲಿ ಚಹಾ ನೆಲಕ್ಕೆ ಸುರಿಯಿತು. ಅವನು ಅದನ್ನು ನೋಡಲೂ ಇಲ್ಲ, ಅವಳ ಬಾಯನ್ನೇ ನೋಡುತ್ತಿದ್ದ. "ನೀವಾ" ಎಂದ. ಆಮೇಲೆ ಮುದುಕ ಚೆಲ್ಲಿದ ಚಹಾವನ್ನು ತನ್ನ ಹೆಗಲ ಬಟ್ಟೆಯಿಂದಲೇ ಒರೆಸತೊಡಗಿದ.

ಮೈಕಕ್ಕ ಎದ್ದು ಪಕ್ಕದ ಕೋಣೆಗೆ ಹೋದಳು. ನೇರವಾಗಿ ಮಾಡಿದ ಪ್ರಕಟಣೆಗಳೆಲ್ಲ ಅಲ್ಲಿಯ ಯಂತ್ರದಲ್ಲಿ ಉಳಿಯುತ್ತಿದ್ದವು. "ಈಗ ಹೇಳಿದ್ದು ಹಾಕು" ಎಂದಳು. ಕಂಟ್ರೋಲರು ಅವಳ ಮುಖ ನೋಡದೆ, "ಇರಲಿ ಬಿಡಿ ಅಕ್ಕ, ಆಮೇಲೆ ಕೇಳೋಣ" ಎಂದ. ಅವಳು ಕದಲಲಿಲ್ಲ. ಅವನು ಹಾಕಿದ.

ಒಬ್ಬ ಗಂಡಸು ಮಾತಾಡುತ್ತಿದ್ದ. ವಯಸ್ಸಾದವನಲ್ಲ, ಎಳೆಯವನೂ ಅಲ್ಲ. ಅವಳು ಉಸಿರು ತೆಗೆದುಕೊಳ್ಳುವ ಜಾಗದಲ್ಲೇ ಉಸಿರು ತೆಗೆದುಕೊಳ್ಳುತ್ತಿದ್ದ, ಅವಳು "ದಯವಿಟ್ಟು" ಎಂಬುದನ್ನು ಎಳೆಯುವ ಹಾಗೆಯೇ ಎಳೆಯುತ್ತಿದ್ದ. ಯಾರೋ ಅವಳ ಬಟ್ಟೆ ಉಟ್ಟುಕೊಂಡು ಬಂದು ನಿಂತಂತೆ ಇತ್ತು. ಅವನ ಮಾತು ಮುಗಿದದ್ದೇ ತಡ, ಹೊರಗೆ ಹೊತ್ತಿಗೆ ಸರಿಯಾಗಿ ರೆಕಾರ್ಡಿಂಗು ಶುರುವಾಯಿತು. "ಪ್ರಯಾಣಿಕರೇ, ನಿಮ್ಮ ಸಾಮಾನುಗಳ ಮೇಲೆ ಗಮನವಿರಲಿ." ಎಳೆಯ, ತಿಳಿಯಾದ, ಅವಳ ದನಿ. ಎರಡನ್ನೂ ಒಟ್ಟಿಗೆ ಕೇಳಿದ ಮೇಲೆ ಅವಳು ನೆಲದ ಮೇಲೆ ಕೂತುಬಿಟ್ಟಳು. ಅಳು ಬರಲಿಲ್ಲ. ಅತ್ತರೆ ಎಂಥ ದನಿ ಬರುವುದೋ ಎಂದು ಹೆದರಿಕೆಯಾಯಿತು.

ಕಂಟ್ರೋಲರ ಫೋನಿಗೆ ಓಡಿಬಂದ ಗಂಡ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ನೇರ ಆಸ್ಪತ್ರೆಗೆ ಹೋದ. ದಾರಿಯಲ್ಲಿ ಅವಳು ಅವನ ಕಿವಿಯ ಹತ್ತಿರ ಗಟ್ಟಿಯಾಗಿ ಎಲ್ಲವನ್ನೂ ಹೇಳಿದಳು. ಜೀವಮಾನದಲ್ಲಿ ಮೊದಲ ಸಲ ಅವನಿಗೆ ತಮಾಷೆಯ ಮಾತೊಂದೂ ಹುಟ್ಟಲಿಲ್ಲ.

ಡಾಕ್ಟರಮ್ಮ ಏನೋ ಬರೆಯುತ್ತ ತಲೆ ತಗ್ಗಿಸಿಕೊಂಡೇ "ಬನ್ನಿ, ಕೂತ್ಕೊಳ್ಳಿ" ಎಂದರು.

"ನಮಸ್ಕಾರ ಡಾಕ್ಟ್ರೇ."

ಪೆನ್ನು ನಿಂತಿತು. ಅವರು ಮೊದಲು ಗಂಡನನ್ನು ನೋಡಿದರು. ಆಮೇಲೆ ಅವಳನ್ನು.

"ಯಾವಾಗಿಂದ ಹೀಗೆ?"

"ಗೊತ್ತಿಲ್ಲ. ಪಿಸುಮಾತಲ್ಲೇ ಇದ್ದೆ. ಶೀತ ಅಂದ್ಕೊಂಡಿದ್ದೆ."

"ದನಿ ಬದಲಾದ್ರೆ ಅವತ್ತೇ ನಿಲ್ಲಿಸಿ ಅಂತ ಹೇಳಿದ್ನಲ್ಲಮ್ಮ."

"ಹೇಳಿದ್ರಿ. ನನ್ನ ಗಂಟಲು ನನಗೆ ಗೊತ್ತು ಅಂದ್ಕೊಂಡೆ. ಬಸ್ ಸ್ಟ್ಯಾಂಡಲ್ಲಿ ಅನೌನ್ಸ್ ಮಾಡೋಳು ನಾನು. ಇಪ್ಪತ್ತು ವರ್ಷದಿಂದ."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆಫೀಸು ಕೆಲಸ ಅಂದಿದ್ರಿ."

"ಅಂದಿದ್ದೆ."

"ನನಗೆ ಗೊತ್ತಿದ್ರೆ ಈ ಮಾತ್ರೆ ಮುಟ್ಟುತ್ತಲೇ ಇರಲಿಲ್ಲ. ಪದರ ತೆಳ್ಳಗೆ ಮಾಡೋಕೆ ಬೇರೆ ದಾರಿ ಇದೆ. ಇಂಜೆಕ್ಷನ್ ಇದೆ, ಬೇರೆ ಥರದ ಮಾತ್ರೆ ಇದೆ." ಆಮೇಲೆ, "ಆಪರೇಷನ್ ಮುಂದಕ್ಕೆ ಹೋದಾಗ ನಾನೇ ಕರೆಸಿ ಒಂದು ಸಲ ಮಾತಾಡಿಸಬೇಕಿತ್ತು. ಮಾಡಲಿಲ್ಲ. ಅದು ನನ್ನ ತಪ್ಪು" ಎಂದರು.

ಆ ಮಾತು ಕೇಳಿ ಮೈಕಕ್ಕನಿಗೆ ಇನ್ನೂ ಭಯವಾಯಿತು. ಡಾಕ್ಟರು ತಪ್ಪು ಒಪ್ಪಿಕೊಳ್ಳುವಷ್ಟು ದೊಡ್ಡದು ಇದು ಎಂದು ಅವಳಿಗೆ ಆಗಲೇ ಅರ್ಥವಾದದ್ದು. "ವಾಪಸ್ ಬರುತ್ತಾ?" ಎಂದು ಕೇಳಿದಳು.

"ಕೆಲವರಿಗೆ ಸ್ವಲ್ಪ ಬರುತ್ತೆ. ಗಂಟಲಿನ ಡಾಕ್ಟರ ಹತ್ರ ಕಳಿಸ್ತೀನಿ, ದನಿಗೆ ವ್ಯಾಯಾಮ ಹೇಳಿಕೊಡೋರು ಇದಾರೆ." ಅವರು ಅವಳ ಕೈ ಹಿಡಿದುಕೊಂಡರು. "ಕೆಲವರಿಗೆ ಬರಲ್ಲ. ನಿಮಗೆ ಸುಳ್ಳು ಹೇಳಲ್ಲ ನಾನು."

ಸುಳ್ಳು ಹೇಳಿದ್ದವಳು ತಾನು ಎಂದು ಮೈಕಕ್ಕನಿಗೆ ಚುಚ್ಚಿತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬೀಳುತ್ತದಂತೆ. ಎಲ್ಲರನ್ನೂ ಗಮನಕ್ಕೆ ಗಮನಕ್ಕೆ ಎಂದು ಎಚ್ಚರಿಸುತ್ತಿದ್ದವಳು ತನಗೆ ಹೇಳಿದ್ದನ್ನು ಗಮನಿಸಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಇದೇ ತಲೆಯಲ್ಲಿ ಸುತ್ತಿತು. ಹೊಟ್ಟೆಯಲ್ಲಿ ನೋವಿರಲಿಲ್ಲ, ರಕ್ತವಿರಲಿಲ್ಲ, ಮೈ ಹಗುರವಾಗಿತ್ತು. ಇಷ್ಟು ಆರೋಗ್ಯವಾಗಿ ಅವಳು ಎಷ್ಟೋ ವರ್ಷದಿಂದ ಇರಲಿಲ್ಲ.

ಮನೆಗೆ ಬಂದಾಗ ಸಂಜೆಯಾಗಿತ್ತು. ಗಂಡ ಕೈಕಾಲು ತೊಳೆಯಲು ಬಚ್ಚಲಿಗೆ ಹೋದ. ಅವಳು ದೀಪ ಹಾಕುವುದನ್ನೂ ಮರೆತು ಕುರ್ಚಿಯಲ್ಲಿ ಕೂತಿದ್ದಳು. ಫೋನು ಬಡಿದುಕೊಂಡಿತು. ಅಮ್ಮ.

ಎತ್ತದೇ ಇರಬಹುದಿತ್ತು. ಆದರೆ ಎಷ್ಟು ದಿನ? ಪಿಸುಗುಟ್ಟಬಹುದಿತ್ತು. ಅದೂ ಎಷ್ಟು ದಿನ? ಈ ಹೊತ್ತು ಅವಳಿಗೆ ಬೇರೆ ಯಾರೂ ಬೇಕಾಗಿರಲಿಲ್ಲ, ಅಮ್ಮ ಬೇಕಾಗಿದ್ದಳು. ಫೋನು ಎತ್ತಿ ಕಿವಿಗಿಟ್ಟುಕೊಂಡು "ಹಲೋ" ಎಂದಳು.

"ಆರಾಮಾ ಅಳಿಯಂದ್ರೇ" ಎಂದಳು ಅಮ್ಮ. "ಇವತ್ತಾದ್ರೂ ಅವಳ ಗಂಟಲು ಬಿಡ್ತಾ? ದಿನಾ ನಿಮ್ಮ ದನೀನೇ ಕೇಳಿ ಕೇಳಿ ನನಗೆ ಸಾಕಾಗಿದೆ ನೋಡಿ. ಬೇಜಾರು ಮಾಡ್ಕೋಬೇಡಿ, ತಮಾಷೆಗಂದೆ."

ಮೈಕಕ್ಕ ಕಣ್ಣು ಮುಚ್ಚಿಕೊಂಡಳು. ಗಂಟಲನ್ನು ಆದಷ್ಟು ಕಿರಿದು ಮಾಡಿ, ಆದಷ್ಟು ಮೇಲಕ್ಕೆ ಎಳೆದು, ಹಳೆಯ ದನಿ ಇದ್ದ ಜಾಗವನ್ನು ತಡಕಾಡಿ ಹೇಳಿದಳು.

"ಅಮ್ಮಾ, ನಾನು ಕಣಮ್ಮ."

ಬಚ್ಚಲ ಬಾಗಿಲಲ್ಲಿ ಗಂಡ ಒದ್ದೆ ಕೈಯಲ್ಲೇ ನಿಂತುಬಿಟ್ಟಿದ್ದ. ಆ ಕಡೆ ಅಮ್ಮ ಮನಸಾರೆ ನಕ್ಕಳು. ಬಹಳ ದಿನದ ಮೇಲೆ ಆಟ ಮತ್ತೆ ಶುರುವಾದ ಖುಷಿ ಆ ನಗೆಯಲ್ಲಿತ್ತು.

"ಸಾಕು ಬಿಡಿ ಅಳಿಯಂದ್ರೇ. ಮುಂಚೆ ಎಷ್ಟೋ ಚೆನ್ನಾಗಿ ಮಾಡ್ತಿದ್ರಿ, ಅರ್ಧ ನಿಮಿಷ ಆದ್ರೂ ನಂಬ್ತಿದ್ದೆ. ಈ ಸಲ ಒಂಚೂರೂ ಅವಳ ಹಾಗೆ ಬರಲಿಲ್ಲ. ಎಲ್ಲಿ, ಅವಳಿಗೆ ಫೋನ್ ಕೊಡಿ."